ನಲವತ್ತು ರಾತ್ರಿಯ ಲೆಕ್ಕ

ದಿನಗೂಲಿ ನಾನೂರು, ಊಟ ಅವರದೇ.
ನನಗೆ ಎರಡು ಕೆಲಸ: ಬ್ಯಾಟರಿ ಹೊರುವುದು,
ಗಂಟೆಗೊಮ್ಮೆ ಪೆಟ್ಟಿಗೆ ತೋರಿಸುವ ಅಂಕಿ ಬರೆದಿಡುವುದು.
ಕತ್ತಲನ್ನು ಅಳೆಯಲು ಹೋಗುತ್ತೇನೆಂದು
ನಿಟ್ಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೇಗೆ ಹೇಳಲಿ?
ಸರ್ವೆ ಕೆಲಸ ಅಂದೆ. ರಸ್ತೆಯದೋ, ಗಣಿಯದೋ ಎಂದರು.
ಎರಡಕ್ಕೂ ತಲೆಯಾಡಿಸಿದೆ.

ಜೀಪು ನಿಂತಲ್ಲಿಂದ ಕೊಡಚಾದ್ರಿಯ ಏಣು ಹಿಡಿದು ನಡಿಗೆ.
ಮುಂದೆ ಕೆರಿಯಣ್ಣ, ಮದುವೆ ಚಪ್ಪರದಿಂದ ಕಿತ್ತ
ಕೆಂಪು ಕಾಗದ ಟಾರ್ಚಿಗೆ ಸುತ್ತಿ;
ಹಿಂದೆ ಲಿಡ್ವಿನ್ ಸರ್; ನಡುವೆ ನಾನು,
ನನ್ನ ಬೆನ್ನ ಮೇಲೆ ಹನ್ನೊಂದು ಕೆಜಿ ಕರೆಂಟು.
ಕಬ್ಬಿಣದ ಗುಡ್ಡ. ದಿಕ್ಸೂಚಿಯ ಮುಳ್ಳು
ಕುಡಿದವನ ಹಾಗೆ ಎರಡು ಸುತ್ತು ತೂರಾಡಿ
ಕೊನೆಗೆ ಕೆರಿಯಣ್ಣನನ್ನೇ ತೋರಿಸಿ ನಿಂತಿತು.
ಇದಕ್ಕೆ ಬುದ್ಧಿ ಇದೆ, ಎಂದ ಆತ.

ಸರ್ ಮೊದಲು ಇದ್ದದ್ದು ಯಾವುದೋ ಸಮುದ್ರದ ನಡುವಿನ ದ್ವೀಪದಲ್ಲಿ.
ಬೆಂಕಿ ಕಕ್ಕಿ ಎದ್ದ ಬೆಟ್ಟವಂತೆ,
ತುದಿಗೆ ಬಿಳಿಯ ಗುಮ್ಮಟಗಳ ಸಾಲಂತೆ,
ಬಾಯ್ದೆರೆದ ಹೊಂಡದ ಅಂಚಿನಲ್ಲೇ ಕಾಲುದಾರಿಯಂತೆ,
ಮೆಟ್ಟಿದರೆ ಕರಿಕಲ್ಲು ಹಪ್ಪಳದ ಹಾಗೆ ಮುರಿಯುವುದಂತೆ.
ಅಲ್ಲಿ ಮೋಡಕ್ಕೆ ಮರ್ಯಾದೆ ಗೊತ್ತು, ಅಂದರು,
ಬೆಟ್ಟದ ಮಂಡಿ ದಾಟಿ ಮೇಲೆ ಬರುವುದಿಲ್ಲ.
ಕೆರಿಯಣ್ಣ ಸುಣ್ಣ ಹಚ್ಚಿ ಇಂಬಳ ಬಿಡಿಸುತ್ತಿದ್ದ.
ನಮ್ ಬದಿಗೆ ಹಂಗಲ್ಲ ಸರ,
ಯಾರು ಬಂದರು ಅಂತ ನೋಡಲಿಕ್ಕೆ
ಅದೂ ಹತ್ತಿ ಬರ್ತದೆ.

ಬರುತ್ತಿತ್ತು.
ಹತ್ತು ಗಂಟೆಗೆ ಪಡುವಣದಲ್ಲಿ ಸಮುದ್ರ,
ಬೋಟುಗಳ ಹಸಿರು ದೀಪ ಸರ್ ಹಲ್ಲು ಕಡಿಯುವಷ್ಟು ಉರಿದು;
ಮೂಡಣದಲ್ಲಿ ಲಿಂಗನಮಕ್ಕಿಯ ಹಿನ್ನೀರು,
ಮುಳುಗದೆ ಉಳಿದ ಗುಡ್ಡದ ನೆತ್ತಿಗಳು ಅದರೊಳಗೆ.
ನಮ್ಮವೂ ದ್ವೀಪಗಳೇ. ಅವರದು ಬೆಟ್ಟ ಎದ್ದು ಆದದ್ದು,
ನಮ್ಮದು ನೀರು ಎದ್ದು.
ಹನ್ನೊಂದಕ್ಕೆ ಎರಡೂ ಇಲ್ಲ.
ಅಂಕಿಯ ಜಾಗದಲ್ಲಿ ಬರೆಯುತ್ತಿದ್ದೆ: ಮಂಜು. ಮಂಜು. ಮಂಜು.
ಬರೆದೂ ಬರೆದೂ
ಆ ಹೆಸರಿನ ಯಾರನ್ನೋ ಕೂಗಿ ಕರೆದಂತಾಗುತ್ತಿತ್ತು.

ಮೂವತ್ತೆರಡನೆಯ ರಾತ್ರಿ
ಯಾರೋ ಒಗೆದು ಹಿಂಡಿ ಹರವಿದ ಹಾಗೆ ಆಕಾಶ.
ಸರ್ ಗುಂಡಿ ಒತ್ತಿದರು. ಪೆಟ್ಟಿಗೆ ಕಣ್ಣು ಬಿಡಲಿಲ್ಲ.
ತಂತಿ ಬಿಚ್ಚಿ ಊದಿ ಕಟ್ಟಿದರು,
ಚಳಿಗೆ ಸತ್ತಿರಬೇಕು ಎಂದರು.
ಚಳಿಗಲ್ಲ. ಹಗಲೆಲ್ಲ ಚಾರ್ಜಿಗೆ ಹಾಕಬೇಕಿತ್ತು,
ನಮ್ಮ ಮನೆಯ ಒಂದೇ ಪ್ಲಗ್ಗಿನಲ್ಲಿ ನನ್ನ ಫೋನಿತ್ತು,
ಫೋನಿನಲ್ಲಿ ನಾನಿದ್ದೆ. ಯಾರ ಜತೆ ಎಂಬುದು ಬೇಡ.
ಆಗ ಹೇಳಲಿಲ್ಲ.

ಮೂವರೂ ಹುಲ್ಲಿನ ಮೇಲೆ ಅಂಗಾತ ಬಿದ್ದೆವು.
ಸರ್ ಹೆಸರು ಹೇಳಲು ಶುರುಮಾಡಿ, ತೆಂಕಣದ ಅಗಸ್ತ್ಯನ ಹತ್ತಿರ ಎಲ್ಲೋ
ಬಿಟ್ಟುಬಿಟ್ಟರು.
ಕೆರಿಯಣ್ಣ ಕೇಳಿದ: ಇದಕ್ಕೆ ಗುಮ್ಮಟ ಯಾಕೆ ಸರ?
ದೂರದ್ದು ಕಾಣಲಿಕ್ಕೆ.
ಹಂಗಾರೆ ಇದು ಹತ್ತಿರದ್ದಾ?
ಕಣಿವೆಯಲ್ಲಿ ಒಂದು ಕಡವೆ ಕೂಗಿತು, ಅಷ್ಟೇ.

ಬೆಳಗಿನ ಜಾವ ಬೆಳ್ಳಿ ಮೂಡಿತು.
ಹುಲ್ಲಿನ ಮೇಲೆ ಕೆರಿಯಣ್ಣನ ನೆರಳು ಬಿತ್ತು,
ತೊಳೆದ ಮಸಿಯಷ್ಟು ತೆಳ್ಳಗೆ,
ಒಂದು ಚುಕ್ಕಿಯ ಬೆಳಕಿಗೆ ಇಡೀ ಮನುಷ್ಯ.
ಆತ ಕೈ ಎತ್ತಿದ. ಅದೂ ಎತ್ತಿತು.
ಇಬ್ಬರೂ ನಾಚಿಕೊಂಡು ಇಳಿಸಿದರು.

ಯುಗಾದಿ ಕಳೆದ ಮೇಲೆ ವರದಿ ಬಂತು.
ತಿಳಿಯಾದ ರಾತ್ರಿ: ಆರು. ಸ್ಥಳ ಯೋಗ್ಯವಲ್ಲ.
ಏಳು ಎಂದು ನನಗೆ ಗೊತ್ತು.
ಏಳಾಗಿದ್ದರೂ ಯೋಗ್ಯವಲ್ಲವೇ,
ಲೆಕ್ಕ ಹಾಕಿ ನೋಡಿದ್ದೇನೆ, ಒಂದು ಸಲ ಅಲ್ಲ.
ಕೆರಿಯಣ್ಣನಿಗೆ ಹೇಳಿದರೆ
ಏಣಿನ ಮೇಲೆ ಹುಲ್ಲು ಒಣಗಿ ನಿಂತಿದೆ,
ಬೆಂಕಿರೇಖೆ ಕಡಿಯಬೇಕು, ಕತ್ತಿ ಎಲ್ಲಿ ಅಂದ.

ನನ್ನ ಪುಸ್ತಕದಲ್ಲಿ ಆ ಸಾಲು ಈಗಲೂ ಖಾಲಿ.
ಹಾಳೆಯ ಹೊಲಿಗೆಗೆ ಒಂದು ಹುಲ್ಲಿನ ಬೀಜ ಸಿಕ್ಕಿಕೊಂಡಿದೆ,
ನಾನು ಇಟ್ಟದ್ದಲ್ಲ.